ಶುಗರ್, ಸಕ್ಕರೆ, ಜ್ಯಾಗರಿ: ಫಲಕಕ್ಕೆ ಏನು ಬರೆಸಬೇಕು?

ಪ್ರಶ್ನೆ: ಸರ್, ನಮಸ್ಕಾರ. ನಾನು ಮಹಾಲಿಂಗಪುರದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಶಾಲೆಯ ವಸ್ತುಪ್ರದರ್ಶನಕ್ಕೆ ಒಂಬತ್ತನೇ ತರಗತಿಯ ಮಕ್ಕಳು ಕಬ್ಬು, ಬೆಲ್ಲ, ಸಕ್ಕರೆಗಳ ಮೇಜೊಂದನ್ನು ಸಿದ್ಧ ಮಾಡುತ್ತಿದ್ದಾರೆ. ಅದರ ಮೇಲೆ ಹಾಕುವ ಫಲಕಕ್ಕೆ ‘ಇಂಗ್ಲಿಷಿನ ಶುಗರ್ ಪದ ಹುಟ್ಟಿದ್ದು ಕನ್ನಡದ ಸಕ್ಕರೆಯಿಂದ’ ಎಂಬ ಸಾಲನ್ನು ಮೊಬೈಲಿಗೆ ಬಂದ ಸಂದೇಶ ನೋಡಿ ಬರೆದಿದ್ದಾರೆ. ನಮ್ಮ ವಿಜ್ಞಾನದ ಮಾಸ್ತರು ಅದು ಅರಬ್ಬಿ ಪದ ಅನ್ನುತ್ತಾರೆ. ಸಂಸ್ಕೃತದ ಮಾಸ್ತರು ‘ಬರೆಯುವಾಗ ಎಸ್, ಓದುವಾಗ ಶ. ಶರ್ಕರಾದ ಶಕಾರ ಇನ್ನೂ ಜೀವಂತ ಐತಿ, ಬ್ಯಾರೆ ಸಾಕ್ಷಿ ಯಾಕ ಬೇಕು?’ ಅನ್ನುತ್ತಾರೆ. ಇಷ್ಟರ ನಡುವೆ ಒಬ್ಬ ಹುಡುಗ ಎದ್ದು ನಿಂತು, ‘ನಮ್ಮ ಅಜ್ಜಗ ಶುಗರ್ ಆಗೇತ್ರಿ. ಅದಕ್ಕ ಮನ್ಯಾಗ ಸಕ್ರಿ ಬಿಟ್ಟು ಬೆಲ್ಲದ ಚಾ ಮಾಡ್ತಾರ. ಬೆಲ್ಲ ಶುಗರ್ ಅಲ್ಲೇನ್ರಿ ಅಕ್ಕೋರ?’ ಎಂದು ಕೇಳಿದ. ಫಲಕಕ್ಕೆ ಏನು ಬರೆಸಲಿ, ಹುಡುಗನಿಗೆ ಏನು ಹೇಳಲಿ?

ಉತ್ತರ: ಅಕ್ಕೋರೆ, ಮಕ್ಕಳ ಆ ಸಾಲನ್ನು ಫಲಕಕ್ಕೆ ಹಾಕಬೇಡಿ. ವಿಜ್ಞಾನದ ಮಾಸ್ತರು ಹೇಳಿದ್ದು ನಿಜ, ಆದರೆ ಅದು ನಡುದಾರಿಯ ನಿಜ. ಸಂಸ್ಕೃತದ ಮಾಸ್ತರು ತೋರಿಸಿದ ಮೂಲ ಸರಿ, ಕೊಟ್ಟ ಸಾಕ್ಷಿ ನಿಲ್ಲುವುದಿಲ್ಲ. ಹುಡುಗನ ಪ್ರಶ್ನೆ ಇವೆಲ್ಲಕ್ಕಿಂತ ತೂಕದ್ದು, ಅದಕ್ಕೆ ಕೊನೆಗೆ ಬರುತ್ತೇನೆ.

ಇಂಗ್ಲಿಷ್ ಭಾಷೆಯ ಚರಿತ್ರೆ ಪಾಠ ಮಾಡಿದವನಿಗೆ ಇಂಥ ಪತ್ರಗಳು ಹೊಸತಲ್ಲ. ಕಿವಿಗೆ ಒಂದೇ ತರಹ ಕೇಳುವ ಎರಡು ಪದ ಸಿಗುತ್ತವೆ, ನಡುವೆ ಯಾರೋ ಒಂದು ಬಾಣದ ಗುರುತು ಎಳೆಯುತ್ತಾರೆ, ಬಾಣ ಯಾವಾಗಲೂ ನಮ್ಮ ಊರಿನಿಂದಲೇ ಹೊರಡುತ್ತದೆ! ಹೆಚ್ಚಿನ ಸಲ ಆ ಹೋಲಿಕೆಯೇ ಆಕಸ್ಮಿಕವಾಗಿರುತ್ತದೆ. ಇಲ್ಲಿ ಹಾಗಲ್ಲ. ಸಕ್ಕರೆಗೂ ಶುಗರಿಗೂ ನಿಜವಾಗಿಯೂ ನೆಂಟಸ್ತಿಕೆ ಇದೆ. ಆದರೆ ಅವು ತಾಯಿ ಮಗಳಲ್ಲ, ಒಂದೇ ಅಜ್ಜಿಯ ಮೊಮ್ಮಕ್ಕಳು. ಒಬ್ಬಳು ಮನೆಯಲ್ಲೇ ಬೆಳೆದಳು, ಇನ್ನೊಬ್ಬಳು ನಾಲ್ಕೈದು ಊರು ಸುತ್ತಿ ಇಂಗ್ಲೆಂಡು ಸೇರಿದಳು.

ಆ ಅಜ್ಜಿ ಸಂಸ್ಕೃತದ ಶರ್ಕರಾ. ಇದರ ಹಳೆಯ ಅರ್ಥದಲ್ಲಿ ಸಿಹಿಯೇ ಇಲ್ಲ. ಅದು ಕಲ್ಲಿನ ಪದ: ಗರಸು, ನೊರಜುಗಲ್ಲು, ಮರಳಿನ ಕಣ. ಸುಶ್ರುತ ಸಂಹಿತೆಯಲ್ಲಿ ಮೂತ್ರದ ಜೊತೆ ಹೋಗುವ ಮರಳಿನಂಥ ಹರಳಿಗೂ ಶರ್ಕರಾ ಎಂದೇ ಹೆಸರು. ಕಬ್ಬಿನ ಹಾಲು ಕಾಸಿ, ಆರಿಸಿ, ಕಣಗಟ್ಟಿಸುವ ವಿದ್ಯೆ ಕೈಗೆ ಹತ್ತಿದ ಮೇಲೆ ಆ ಕಣಗಳಿಗೂ ಗರಸಿನ ಹೆಸರೇ ಬಂತು. ಇದು ಮಕ್ಕಳಿಗೆ ಅರ್ಥವಾಗಲು ನಿಮ್ಮ ಮೇಜಿನ ಮೇಲಿರುವ ಸಾಮಾನೇ ಸಾಕು. ಒಳ್ಳೆಯ ಬೆಲ್ಲದ ಪೆಂಟಿಯೊಂದನ್ನು ಒಡೆದು, ಮುರಿದ ಮೈಯನ್ನು ಬಿಸಿಲಿಗೆ ಹಿಡಿಯಿರಿ. ಒಳಗೆ ಸಣ್ಣ ಸಣ್ಣ ಹರಳು ಮಿನುಗುತ್ತವೆ, ಹೆಬ್ಬೆರಳಿನಿಂದ ಉಜ್ಜಿದರೆ ಮರಳಿನ ಹಾಗೆ ಉದುರುತ್ತವೆ. ಶರ್ಕರಾ ಅಂದದ್ದು ಈ ಉದುರುವ ಗುಣವನ್ನು ನೋಡಿ, ರುಚಿ ನೋಡಿ ಅಲ್ಲ. ನಮ್ಮ ಕಡೆಯ ‘ಹರಳು’ ಕೂಡ ಹೀಗೇ ಅಲ್ಲವೇ? ಅಕ್ಕಿಯಲ್ಲಿ ಹರಳು ಇದ್ದರೆ ಆರಿಸಿ ಎಸೆಯುತ್ತೇವೆ, ಉಂಗುರದ ಹರಳಿಗೆ ರೊಕ್ಕ ಕೊಡುತ್ತೇವೆ, ಕಾಕಂಬಿ ಬಿಟ್ಟು ಸಕ್ಕರೆ ಬೇರೆಯಾಗುವುದಕ್ಕೆ ಹರಳುಗಟ್ಟುವುದು ಅನ್ನುತ್ತೇವೆ. ಹಾಗೆ ನೋಡಿದರೆ ಕಲ್ಲುಸಕ್ಕರೆ ಅನ್ನುವಾಗ ಕಲ್ಲನ್ನು ಎರಡೆರಡು ಸಲ ಹೇಳಿದಂತಾಯಿತು.

ಶರ್ಕರಾ ಜನರ ಬಾಯಿಗೆ ಬಿದ್ದು ಮೆತ್ತಗಾಯಿತು. ಪಾಲಿ ಭಾಷೆಯಲ್ಲಿ ಅದು ಸಕ್ಖರಾ, ಅಲ್ಲಿಯೂ ಗರಸು ಮತ್ತು ಸಕ್ಕರೆ ಎಂಬ ಎರಡೂ ಅರ್ಥ ಉಂಟು. ಮರಾಠಿಯಲ್ಲಿ ಸಾಖರ್. ಬೆಳಗಾವಿಯ ಕಿರಾಣಿ ಅಂಗಡಿಯಲ್ಲಿ ಒಬ್ಬರು ಸಕ್ರಿ ಕೇಳುತ್ತಾರೆ, ಪಕ್ಕದವರು ಸಾಖರ್ ಕೇಳುತ್ತಾರೆ, ಅಂಗಡಿಯವನು ಒಂದೇ ಚೀಲಕ್ಕೆ ಕೈ ಹಾಕುತ್ತಾನೆ. ಕನ್ನಡದಲ್ಲಿ ಶ ಹೋಗಿ ಸ ಬಂತು, ರ್ಕ ಹೋಗಿ ಕ್ಕ ಬಂತು. ಶಶಿ ಸಸಿಯಾದ ಹಾಗೆ, ಅರ್ಕ ಎಕ್ಕವಾದ ಹಾಗೆ. 13ನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಇಂಥ ಬದಲಾವಣೆಗಳಿಗೆಂದೇ ಅಪಭ್ರಂಶ ಪ್ರಕರಣ ಎಂಬ ಭಾಗವೊಂದನ್ನು ಇಟ್ಟಿದ್ದಾನೆ. ಅಂದರೆ ಸಕ್ಕರೆ ತದ್ಭವ. ಬೆಲ್ಲ ಹಾಗಲ್ಲ, ಅದು ದ್ರಾವಿಡದ ಸ್ವಂತ ಪದ, ತಮಿಳಿನಲ್ಲಿ ವೆಲ್ಲಂ, ತೆಲುಗಿನಲ್ಲಿ ಬೆಲ್ಲಂ. ಕಬ್ಬೂ ಅಷ್ಟೇ, ತಮಿಳಿನ ಕರುಂಬು ಅದರದೇ ಬಳಗ. ಕನ್ನಡದ್ದೇ ಪದ ಬೇಕು ಎನ್ನುವ ಮಕ್ಕಳಿಗೆ ಈ ಎರಡನ್ನು ಧೈರ್ಯವಾಗಿ ತೋರಿಸಬಹುದು.

ಈಗ ಇಂಗ್ಲಿಷಿನ ಕಡೆಗೆ. ಶರ್ಕರಾ ಇಂಗ್ಲಿಷಿನೊಳಗೆ ಒಂದೇ ಬಾಗಿಲಿನಿಂದ ಬಂದಿಲ್ಲ, ಮೂರು ಬಾಗಿಲಿನಿಂದ ಬಂದಿದೆ. ಗೊಂದಲವೆಲ್ಲ ಈ ಮೂರನ್ನು ಒಂದೇ ಎಂದುಕೊಳ್ಳುವುದರಿಂದ ಹುಟ್ಟುತ್ತದೆ.

ಹಳೆಯ ದಾರಿ ಗ್ರೀಕರದು. ಕ್ರಿಸ್ತಶಕ 1ನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್, ಭಾರತದ ಮತ್ತು ಅರೇಬಿಯದ ಜೊಂಡಿನಲ್ಲಿ ಸಿಗುವ ಗಟ್ಟಿ ಜೇನಿನ ಬಗ್ಗೆ ಬರೆದಿದ್ದಾನೆ. ಉಪ್ಪಿನ ಹಾಗೆ ಇರುತ್ತದೆ, ಹಲ್ಲಿನಡಿ ಉಪ್ಪಿನ ಹಾಗೆಯೇ ಪುಡಿಯಾಗುತ್ತದೆ ಎನ್ನುತ್ತಾನೆ. ಅವನು ಕೊಟ್ಟ ಹೆಸರು ಸಖ್ಖರೋನ್. ಪಾಲಿಯ ಸಕ್ಖರಾ ಇದಕ್ಕೆ ಎಷ್ಟು ಹತ್ತಿರ ನೋಡಿ. ಅದೇ ಕಾಲದ ರೋಮಿನ ಪ್ಲಿನಿ ಇದನ್ನು ಔಷಧಕ್ಕೆ ಮಾತ್ರ ಬಳಸುತ್ತಾರೆ ಎಂದ. ಲ್ಯಾಟಿನ್ನಿನಲ್ಲಿ ಸಕ್ಕರುಮ್ ಆಗಿ ಪುಸ್ತಕಗಳಲ್ಲೇ ಉಳಿದ ಈ ಪದವನ್ನು ಎಷ್ಟೋ ಶತಮಾನಗಳ ಮೇಲೆ ವಿಜ್ಞಾನಿಗಳು ಎಬ್ಬಿಸಿದರು. 1879ರಲ್ಲಿ ಕಂಡುಹಿಡಿದ ಸ್ಯಾಕರಿನ್, ರಸಾಯನಶಾಸ್ತ್ರದ ಪಾಲಿಸ್ಯಾಕರೈಡ್, ಎಲ್ಲ ಈ ಕೊಂಬೆಯ ಕಾಯಿಗಳೇ. ಆದರೆ ಶುಗರ್ ಈ ಕೊಂಬೆಯದಲ್ಲ.

ಶುಗರ್ ಬಂದದ್ದು ಸಕ್ಕರೆಯ ವ್ಯಾಪಾರದ ದಾರಿಯಲ್ಲಿ. ಪರ್ಷಿಯನ್ನರು ಅದನ್ನು ಶಕರ್ ಎಂದರು, ಅರಬರು ಸುಕ್ಕರ್ ಎಂದರು. ಅರಬರ ಆಳ್ವಿಕೆಯ ಜೊತೆಗೆ ಕಬ್ಬೂ ಅದನ್ನು ಅರೆದು ಕಾಸುವ ಕಸುಬೂ ಈಜಿಪ್ಟು, ಸಿಸಿಲಿ, ಸ್ಪೇನುಗಳಿಗೆ ಹೋದವು. ಸ್ಪೇನಿನವರು ಅರಬ್ಬಿಯ ‘ಅಲ್’ ಅನ್ನೂ ಸೇರಿಸಿಕೊಂಡು ಅಸುಕರ್ ಎಂದರು. ಇಟಲಿಯವರಿಗೆ ಅದು ಝುಕ್ಕೆರೊ, ಜರ್ಮನರಿಗೆ ಝುಕರ್, ಫ್ರೆಂಚರಿಗೆ ಸುಕ್ರ್. ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. 13ನೆಯ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ಲೆಕ್ಕದ ಕಡತಗಳಲ್ಲಿ ಈ ಪದ ಕಾಣಿಸಿಕೊಂಡಿದೆ. ಆಗ ಅದು ಮೆಣಸು, ಶುಂಠಿಗಳ ಸಾಲಿನಲ್ಲಿ ಬರೆಯುವ ದುಬಾರಿ ಮಸಾಲೆಯ ಸಾಮಾನು.

ಈ ತಾರೀಖೇ ಮಕ್ಕಳ ಸಾಲಿಗೆ ದೊಡ್ಡ ಅಡ್ಡಿ. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ಒಬ್ಬ ಇಂಗ್ಲಿಷಿನವನು ಕನ್ನಡದ ಕಿರಾಣಿ ಅಂಗಡಿಯ ಮೆಟ್ಟಿಲು ಹತ್ತುವ ಮುನ್ನೂರು ವರ್ಷ ಮೊದಲೇ ಅವರ ಬಾಯಲ್ಲಿ ಶುಗರ್ ಇತ್ತು. ಪರ್ಷಿಯನ್ನರೇ ಕನ್ನಡದಿಂದ ಒಯ್ದಿರಬಾರದೇಕೆ ಎಂದು ಯಾರಾದರೂ ಕೇಳಿದರೆ ಅವರ ಶಕರಿನ ಶ ತೋರಿಸಿ. ಕನ್ನಡದ ಸಕ್ಕರೆಯಲ್ಲಿ ಶ ಇಲ್ಲ. ವಾಯವ್ಯ ಭಾರತದ ಹಳೆಯ ಪ್ರಾಕೃತದಲ್ಲಿ ಅದು ಉಳಿದಿತ್ತು, ಪರ್ಷಿಯಕ್ಕೆ ಹತ್ತಿರದ ದಾರಿಯೂ ಅದೇ.

ಇಲ್ಲಿಗೆ ಸಂಸ್ಕೃತದ ಮಾಸ್ತರ ಶಕಾರಕ್ಕೆ ಬಂದೆವು. ವಾದ ಚೆಂದ ಇದೆ, ನಾನೂ ಸಾಕಷ್ಟು ಬಾರಿ ಕೇಳಿದ್ದೇನೆ. ಆದರೆ ದಾರಿಯುದ್ದಕ್ಕೂ ಆ ಒಂದು ಅಕ್ಷರವನ್ನು ಹಿಂಬಾಲಿಸಿ. ಸಂಸ್ಕೃತದಲ್ಲಿ ಶ, ಪರ್ಷಿಯನ್ನಿನಲ್ಲಿ ಶ, ಅರಬ್ಬಿಗೆ ಬಂದಾಗ ಸ. ಅಲ್ಲೇ ಶಕಾರ ಸತ್ತಿತು. ಫ್ರೆಂಚಿನಲ್ಲೂ ಸ. ಇಂಗ್ಲಿಷಿನಲ್ಲಿ ಮೊದಮೊದಲು ಸ ಎಂದೇ ಉಚ್ಚಾರ. ಆಮೇಲೆ ಫ್ರೆಂಚಿನಿಂದ ಬಂದ ಉಕಾರ ಇಂಗ್ಲಿಷರ ಬಾಯಲ್ಲಿ ‘ಯು’ ಎಂದಾಯಿತು. ಸ್ಯು, ಸ್ಯು ಎಂದು ಬೇಗ ಬೇಗ ಹೇಳಿನೋಡಿ, ನಾಲಗೆ ತಾನಾಗಿ ಶು ಕಡೆಗೆ ಜಾರುತ್ತದೆ. ‘ಖಚಿತ’ ಎಂಬರ್ಥದ ಶೂರ್ ಪದಕ್ಕೂ ಇದೇ ಗತಿಯಾಯಿತು, ಅದಕ್ಕೂ ಶರ್ಕರಾಕ್ಕೂ ಯಾವ ಸಂಬಂಧವೂ ಇಲ್ಲ. ಇಶ್ಯೂ, ಟಿಶ್ಯೂ, ಪ್ರೆಶರ್ ಇವುಗಳ ನಡುವಿನ ಶ ಹುಟ್ಟಿದ್ದೂ ಹೀಗೆಯೇ. ಶೇಕ್ಸ್‌ಪಿಯರನ ಕಾಲದಲ್ಲಿ ಸೂಟ್ ಎಂಬ ಪದವನ್ನೂ ಕೆಲವರು ಶೂಟ್ ಎನ್ನುತ್ತಿದ್ದರು, ಅದು ಮಾತ್ರ ನಿಲ್ಲಲಿಲ್ಲ. ಹಾಗಾಗಿ ಶುಗರಿನ ಶ ಇಂಗ್ಲೆಂಡಿನಲ್ಲೇ ಹೊಸದಾಗಿ ಹುಟ್ಟಿದ್ದು. ಮಾಸ್ತರು ಬೇಜಾರು ಮಾಡಿಕೊಳ್ಳಬಾರದು, ಅವರು ಹೇಳಿದ ಮೂಲಕ್ಕೆ ಇದರಿಂದ ಏನೂ ಊನವಿಲ್ಲ.

ಮೂರನೆಯ ಬಾಗಿಲು ನಿಮ್ಮ ಊರಿಗೆ ಬೇಕಾದದ್ದು. ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರದಲ್ಲಿ ಕುಳಿತು ಮಕ್ಕಳು ಶುಗರಿನ ಬೆನ್ನು ಹತ್ತಿದ್ದು ನೋಡಿ ನನಗೆ ಸ್ವಲ್ಪ ನಗುವೇ ಬಂತು. ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ಜ್ಯಾಗರಿ ಅನ್ನುತ್ತಾರಲ್ಲ, ಅದೂ ಶರ್ಕರಾದ ಮೊಮ್ಮಗಳೇ! ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಇಲ್ಲಿನವರ ಬಾಯಿಂದ ಕೇಳಿ ಅದನ್ನು ಜಾಗರ, ಜಾಗ್ರ ಎಂದು ಬರೆದುಕೊಂಡರು. ಅವರಿಂದ 16ನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೆ ಹೋಯಿತು. ಮಲಯಾಳದಲ್ಲಿ ಇವತ್ತಿಗೂ ಶರ್ಕರ ಅಂದರೆ ಸಕ್ಕರೆಯಲ್ಲ, ಬೆಲ್ಲ. ಈಗಿನ ಹಲವು ನಿಘಂಟುಗಳು ಪೋರ್ಚುಗೀಸರು ಕೇಳಿದ್ದು ಮಲಯಾಳದ ಚಕ್ಕರ ಎನ್ನುತ್ತವೆ. ಕನ್ನಡದ ಶರ್ಕರೆಯನ್ನು ಹೆಸರಿಸುವವೂ ಇವೆ. ನನ್ನ ಒಲವು ಮಲಬಾರಿನ ಕಡೆಗೆ, ಯಾಕೆಂದರೆ ಪೋರ್ಚುಗೀಸರು ಮೊದಲು ಇಳಿದದ್ದು ಅಲ್ಲಿ, ಮತ್ತು ಬೆಲ್ಲ ಎಂಬ ಅರ್ಥ ಉಳಿದಿರುವುದೂ ಅಲ್ಲೇ. ನಮ್ಮಲ್ಲಿ ಬೆಲ್ಲಕ್ಕೆ ಬೆಲ್ಲವೇ ಇತ್ತು.

ಜೊತೆಗೆ ಒಂದು ತುಣುಕು, ಮಕ್ಕಳಿಗೆ ಖುಷಿಯಾಗುತ್ತದೆ. ಕ್ಯಾಂಡಿ ಎಂಬ ಇಂಗ್ಲಿಷ್ ಪದದ ಹಿಂದೆ ಇರುವುದು ಪರ್ಷಿಯನ್ನಿನ ಕಂದ್, ಅದರ ಹಿಂದೆ ನಮ್ಮ ಖಂಡ, ಅಂದರೆ ತುಂಡು. ಖಂಡಸಾರಿ ಸಕ್ಕರೆಯ ಖಂಡವೂ ಅದೇ. ಆದರೆ ಹಿಂದಿಯ ಚೀನಿ ಮತ್ತು ಮಿಶ್ರಿ ಹೊರಗಿನ ಕಡೆ ಕೈ ತೋರಿಸುತ್ತವೆ: ಚೀನಿ ಚೀನಾ ದೇಶದ ಹೆಸರಿನಿಂದ, ಮಿಶ್ರಿ ಈಜಿಪ್ಟಿನ ಅರಬ್ಬಿ ಹೆಸರಾದ ಮಿಸ್ರ್‌ನಿಂದ. ಹೊರಗಿನವರು ಸಿಹಿಗೆ ನಮ್ಮ ಹೆಸರು ಇಟ್ಟುಕೊಂಡರೆ ನಮ್ಮವರು ಹೊರಗಿನ ಹೆಸರು ಇಟ್ಟುಕೊಂಡರು.

ಇನ್ನು ಫಲಕ. ‘ಶುಗರ್ ಕನ್ನಡದಿಂದ ಬಂತು’ ಎಂದು ಬರೆಸಿದರೆ ಪ್ರದರ್ಶನದ ದಿನ ಚಪ್ಪಾಳೆ ಬೀಳುತ್ತದೆ, ನಾಳೆ ಅದನ್ನು ಬರೆದ ಮಕ್ಕಳಲ್ಲೊಬ್ಬಳು ರಸಪ್ರಶ್ನೆಯಲ್ಲಿ ಅದನ್ನೇ ಹೇಳಿ ಅಂಕ ಕಳೆದುಕೊಳ್ಳುತ್ತಾಳೆ. ‘ಅರಬ್ಬಿಯಿಂದ ಬಂತು’ ಎಂದರೆ ಯಾರೂ ತಪ್ಪು ಎನ್ನಲಾರರು. ಆದರೆ ಅರಬ್ಬಿಯೇ ಹುಟ್ಟೂರು ಎಂದು ಓದಿದವರು ತಿಳಿಯುತ್ತಾರೆ. ‘ಸಂಸ್ಕೃತದಿಂದ ನೇರವಾಗಿ’ ಎಂದರೆ ಸಾವಿರ ವರ್ಷದ ಪ್ರಯಾಣವನ್ನು ಅಳಿಸಿದಂತೆ. ‘ನೇರವಾಗಿ’ ಎಂಬ ಆ ಒಂದು ಮಾತು ತೆಗೆದು ‘ಮೂಲತಃ’ ಎಂದು ಬರೆದರೆ ವಾಕ್ಯ ನಿಲ್ಲುತ್ತದೆ. ನನ್ನನ್ನು ಕೇಳಿದರೆ ಸಾಲು ಬರೆಯುವ ಬದಲು ಒಂದು ಚಿತ್ರ ಬರೆಸಿ. ನಡುವೆ ಶರ್ಕರಾ. ಒಂದು ಕಡೆ ಸಕ್ಖರಾ, ಸಾಖರ್, ಸಕ್ಕರೆ. ಇನ್ನೊಂದು ಕಡೆ ಶಕರ್, ಸುಕ್ಕರ್, ಸುಕ್ರ್, ಶುಗರ್. ಮೂರನೆಯ ಕಡೆ ಮಲಯಾಳದ ಚಕ್ಕರ, ಪೋರ್ಚುಗೀಸರ ಜಾಗ್ರ, ಇಂಗ್ಲಿಷರ ಜ್ಯಾಗರಿ, ಅದರ ಕೆಳಗೆ ನಿಮ್ಮೂರಿನ ಪೆಂಟಿ. ಗ್ರೀಕರ ಕೊಂಬೆಗೆ ಜಾಗ ಇದ್ದರೆ ಹಾಕಿ, ಇಲ್ಲದಿದ್ದರೆ ಬಿಡಿ. ಎಚ್ಚರ ಒಂದೇ: ಸಕ್ಕರೆಯಿಂದ ಶುಗರಿಗೆ ಯಾವ ಗೆರೆಯೂ ಹೋಗಬಾರದು. ಬಣ್ಣ ಹಚ್ಚುವ ಭರದಲ್ಲಿ ಮಕ್ಕಳು ಅದನ್ನು ಎಳೆದೇ ಎಳೆಯುತ್ತಾರೆ, ಹತ್ತಿರ ನಿಂತಿರಿ.

ಮಕ್ಕಳಿಂದಲೇ ನಿಘಂಟು ತೆಗೆಸಿದರೆ ಇನ್ನೂ ಒಳ್ಳೆಯದು. ಇಂಗ್ಲಿಷ್ ನಿಘಂಟಿನಲ್ಲಿ ಪದದ ಮೂಲವನ್ನು ಹತ್ತಿರದಿಂದ ದೂರಕ್ಕೆ ಕೊಡುತ್ತಾರೆ: ಮೊದಲು ಫ್ರೆಂಚ್, ಆಮೇಲೆ ಮಧ್ಯಯುಗದ ಲ್ಯಾಟಿನ್, ಅರಬ್ಬಿ, ಪರ್ಷಿಯನ್, ಕೊನೆಗೆ ಸಂಸ್ಕೃತ. ಮೊದಲ ಹೆಸರು ನೋಡಿ ನಿಲ್ಲಿಸಿದವನು ಫ್ರೆಂಚ್ ಅನ್ನುತ್ತಾನೆ, ನಡುವೆ ನಿಲ್ಲಿಸಿದವನು ಅರಬ್ಬಿ ಅನ್ನುತ್ತಾನೆ. ಸ್ಟಾಫ್ ರೂಮಿನ ಜಗಳದ ಅರ್ಧ ಭಾಗ ಇಷ್ಟೇ. ಕನ್ನಡಕ್ಕೆ 1894ರ ಕಿಟ್ಟೆಲ್ ನಿಘಂಟು ಈಗಲೂ ಕೈಗೆ ಸಿಗುತ್ತದೆ, ಅದರಲ್ಲಿ ತದ್ಭವಗಳಿಗೆ ಗುರುತು ಹಾಕಿರುತ್ತಾರೆ.

ಕೊನೆಗೆ ಆ ಹುಡುಗ. ಅವನ ಮನೆಯವರನ್ನು ದಾರಿ ತಪ್ಪಿಸಿದ್ದು ಪದದ ಇಂದಿನ ಅರ್ಥ. ಇಂಗ್ಲಿಷಿನಲ್ಲಿ ಶುಗರ್ ಅಂದರೆ ಚಹಾಕ್ಕೆ ಹಾಕುವ ಬಿಳಿ ಸಕ್ಕರೆ ಒಂದೇ ಅಲ್ಲ. ಪ್ರೀತಿಪಾತ್ರರನ್ನು ಕರೆಯುವುದಕ್ಕೂ ಬಳಸುತ್ತಾರೆ, ಕಹಿ ಸುದ್ದಿಗೆ ಸಿಹಿ ಲೇಪಿಸುವುದಕ್ಕೂ ಬಳಸುತ್ತಾರೆ, ಅವು ಇಲ್ಲಿ ಬೇಡ. ಸೀಸದ ಅಸಿಟೇಟನ್ನು ಹಿಂದೆ ‘ಸೀಸದ ಶುಗರ್’ ಎಂದೇ ಕರೆಯುತ್ತಿದ್ದರು: ಬಿಳಿ ಹರಳು, ನಾಲಗೆಗೆ ಸಿಹಿ, ಹೊಟ್ಟೆಗೆ ವಿಷ. ವಿಜ್ಞಾನದ ಮಾಸ್ತರಿಗೆ ಇದು ಗೊತ್ತಿರುತ್ತದೆ. ಆಮೇಲೆ ರಸಾಯನಶಾಸ್ತ್ರ ಈ ಪದವನ್ನು ಒಂದು ಇಡೀ ಗುಂಪಿನ ಹೆಸರಾಗಿ ಮಾಡಿಕೊಂಡಿತು. ಡಬ್ಬಿಯಲ್ಲಿರುವುದು ಸುಕ್ರೋಸ್, ಹಾಲಿನಲ್ಲಿರುವುದು ಲ್ಯಾಕ್ಟೋಸ್, ಹಣ್ಣಿನಿಂದ ಹೆಸರು ಪಡೆದದ್ದು ಫ್ರಕ್ಟೋಸ್, ರಕ್ತದಲ್ಲಿ ಓಡುವುದು ಗ್ಲೂಕೋಸ್. ಎಲ್ಲವೂ ಶುಗರ್. ಡಾಕ್ಟರು ರಕ್ತ ತೆಗೆದು ‘ಶುಗರ್ ಜಾಸ್ತಿ ಅದ’ ಎಂದಾಗ ಅವರು ಹೇಳುವುದು ಗ್ಲೂಕೋಸನ್ನು. ಮನೆಗೆ ಬರುವಷ್ಟರಲ್ಲಿ ಅದು ಸಕ್ರಿ ಬ್ಯಾನಿ ಆಗುತ್ತದೆ, ಬಿಳಿ ಸಕ್ಕರೆಯ ಡಬ್ಬಿ ಅಟ್ಟಕ್ಕೆ ಹೋಗುತ್ತದೆ, ಬೆಲ್ಲ ಒಲೆಯ ಪಕ್ಕಕ್ಕೆ ಬರುತ್ತದೆ. ರೋಗದ ಹಳೆಯ ಹೆಸರಿನಲ್ಲಿ ಸಕ್ಕರೆಯೇ ಇರಲಿಲ್ಲ. ನಮ್ಮಲ್ಲಿ ಮಧುಮೇಹ, ಅದರಲ್ಲಿ ಇರುವುದು ಜೇನು. ಡಯಾಬಿಟಿಸ್ ಮೆಲ್ಲಿಟಸ್ ಎಂಬುದರ ಮೆಲ್ಲಿಟಸ್ ಕೂಡ ಲ್ಯಾಟಿನ್ನಿನಲ್ಲಿ ಜೇನಿನಂತೆ ಸಿಹಿಯಾದದ್ದು ಎಂದೇ.

ಹುಡುಗನಿಗೆ ನೇರವಾಗಿ ಹೇಳಿ: ಬೆಲ್ಲವೂ ಶುಗರೇ. ಬೆಲ್ಲದ ಬಹುಪಾಲು ಸುಕ್ರೋಸ್, ಡಬ್ಬಿಯ ಸಕ್ಕರೆಯಲ್ಲಿರುವುದೂ ಅದೇ. ಹೊಟ್ಟೆಯಲ್ಲಿ ಅದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು ರಕ್ತಕ್ಕೆ ಸೇರುತ್ತದೆ. ಬಣ್ಣ ಮತ್ತು ವಾಸನೆ ಕೊಡುವ ಬೇರೆ ಅಂಶಗಳು ಬೆಲ್ಲದಲ್ಲಿ ಉಳಿದಿರುತ್ತವೆ ನಿಜ, ಅದರಿಂದ ಗ್ಲೂಕೋಸ್ ಏರುವುದು ತಪ್ಪುವುದಿಲ್ಲ. ನಾನು ಪದಗಳ ಕೆಲಸದವನು, ಅಜ್ಜನ ಚಹಾದಲ್ಲಿ ಎಷ್ಟು ಸಿಹಿ ಇರಬೇಕು ಎಂಬುದನ್ನು ಅವರ ಡಾಕ್ಟರೇ ಹೇಳಬೇಕು. ಆದರೆ ಡಾಕ್ಟರ ಮುಂದೆ ‘ಸಕ್ರಿ ಬಿಟ್ಟೀನ್ರಿ’ ಎಂದಷ್ಟೇ ಹೇಳಿದರೆ ಸಾಲದು, ಬೆಲ್ಲ ಎಷ್ಟು ತಿನ್ನುತ್ತೇನೆ ಎಂಬುದನ್ನೂ ಹೇಳಬೇಕು. ಮುಂದಿನ ಸಲ ಹುಡುಗನನ್ನೇ ಜೊತೆಗೆ ಕಳಿಸಲು ಹೇಳಿ, ಕೇಳಬೇಕಾದದ್ದನ್ನು ಅವನು ಕೇಳುತ್ತಾನೆ.